ವೇಗದ ಆಸೆ, ಅವಧಿಯ ಕಟ್ಟು

ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಬ್ರಾಡ್‌ಬ್ಯಾಂಡ್ ಕಂಪನಿಗಳಿಂದ ಆಗಾಗ ಕರೆ ಬರುವುದುಂಟು: ‘ವೇಗ ಹೆಚ್ಚಿಸುತ್ತೇವೆ, ಹೊಸ ಕರಾರಿಗೆ ಒಪ್ಪಿರಿ.’ ಒಪ್ಪಬೇಕೆ?

ಬಂಧುಗಳೆ, ಇಲ್ಲಿ ಕಂಪನಿಯು ವೇಗವನ್ನು ಕೊಟ್ಟು ಗ್ರಾಹಕನ ಸ್ವಾತಂತ್ರ್ಯವನ್ನು ಪಡೆಯುತ್ತದೆ. ಕರಾರು 24 ತಿಂಗಳವರೆಗೂ ಇರಬಹುದು. ನಡುವೆ ಬಿಟ್ಟರೆ ಸಾಮಾನ್ಯವಾಗಿ ಶುಲ್ಕ ತೆರಬೇಕು. ಬಾಡಿಗೆ ಮನೆಯವರಿಗೂ ಊರು ಬದಲಿಸುವ ಸಂಭವವುಳ್ಳವರಿಗೂ ಇದು ಹೊರೆಯೇ ಸರಿ. ಒಂದು ಎಚ್‌ಡಿ ಚಲನಚಿತ್ರಕ್ಕೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಸಾಕು. ಏಕಕಾಲಕ್ಕೆ ನಾಲ್ವರು ನೋಡಿದರೂ 20. ಇದಕ್ಕೆ ನೂರಾರು ಮೆಗಾಬಿಟ್ ಏಕೆ?

ಹಳೆಯ ಅವಧಿ ಮುಗಿದವರ ಮಾತು ಬೇರೆ. ಅಂಥವರು ಹೆಚ್ಚಿನ ದರ ತೆರುತ್ತಿರುವುದೇ ಸಾಮಾನ್ಯವಾದ್ದರಿಂದ ಹೊಸ ಕರಾರು ಲೇಸು. ಆದರೆ ಈಗಿರುವ ವೇಗಕ್ಕೇ ಏನು ದರವೆಂದು ಮೊದಲು ಕೇಳಬೇಕು.

2025ರ ಜನವರಿ 17ರಿಂದ ಮಾಡಿಕೊಳ್ಳುವ ಕರಾರುಗಳಲ್ಲಿ ನಡುವೆ ದರವೇರುವುದಾದರೆ, ಯಾವಾಗ, ಎಷ್ಟು ಪೌಂಡ್ ಎಂಬುದನ್ನು ಮೊದಲೇ ತಿಳಿಸಬೇಕೆಂದು ನಿಯಂತ್ರಣ ಸಂಸ್ಥೆ ಆಫ್‌ಕಾಮ್ ವಿಧಿಸಿದೆ. ಅದನ್ನೂ ಕೂಡಿಸಿ ಪೂರ್ಣಾವಧಿಯ ವೆಚ್ಚವನ್ನು ಲೆಕ್ಕಹಾಕಿರಿ. ಫೋನಿನಲ್ಲಿ ಒಪ್ಪಿದ ಹೊಸ ಕರಾರನ್ನು 14 ದಿನಗಳೊಳಗೆ ರದ್ದುಪಡಿಸುವ ಹಕ್ಕು ಸಾಮಾನ್ಯವಾಗಿ ಉಂಟು. ಬಳಸಿದ ದಿನಗಳ ಹಣ ತೆರಬೇಕಾಗಬಹುದು.

ಅವಧಿ ಮುಗಿದಿದೆಯೆ, ಅಗತ್ಯವಿದೆಯೆ ಎಂಬೆರಡು ಪ್ರಶ್ನೆಗಳನ್ನು ಮನೆಮಂದಿಯೆಲ್ಲ ಕೂಡಿ ವಿಚಾರಿಸಿ, ಅನಂತರವೇ ‘ಆಗಲಿ’ ಎನ್ನಿರಿ.