ಅಲೆಮಾರಿ ಕುಲದ ಆಟವೂ ನಮ್ಮ ಬಾಲಿಕೆಯರೂ

ಗಣಕಯಂತ್ರದಲ್ಲಿಯೂ ಮೊಬೈಲಿನಲ್ಲಿಯೂ ಮಕ್ಕಳು ಆಡುವ ಆಟಗಳೆಲ್ಲವೂ ಕಾಲಹರಣವೇ ಎಂದು ತಾಯಿತಂದೆಗಳಲ್ಲಿ ಅನೇಕರು ಹೇಳುವುದುಂಟು. ಈ ಮಾತು ಬಹುಮಟ್ಟಿಗೆ ನಿಜವಾದರೂ ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಓದಿ, ವಿಚಾರಿಸಿ, ಒಂದು ಕುಲವನ್ನೇ ನಡೆಯಿಸಬೇಕಾದ ಆಟವೂ ಉಂಟು. ಅದನ್ನು ಕುರಿತು ನಾಲ್ಕು ಮಾತು ಹೇಳುವುದು ಉಚಿತವೆಂದು ಎಣಿಸಿದ್ದೇವೆ.

2018ರಲ್ಲಿ ಎ ಶಾರ್ಪ್ ಎಂಬ ಸಂಸ್ಥೆಯವರು ‘ಸಿಕ್ಸ್ ಏಜಸ್: ರೈಡ್ ಲೈಕ್ ದಿ ವಿಂಡ್’ ಎಂಬ ಆಟವನ್ನು ಹೊರತಂದರು. 1999ರಲ್ಲಿ ಅವರೇ ಪ್ರಕಟಿಸಿದ ‘ಕಿಂಗ್ ಆಫ್ ಡ್ರ್ಯಾಗನ್ ಪಾಸ್’ ಎಂಬುದು ಇದಕ್ಕೆ ಮಾದರಿ. ಹಿಂದಿನ ನೆಲೆಯನ್ನು ಕಳೆದುಕೊಂಡು ಹೊಸ ಕಣಿವೆಗೆ ಬಂದ ಅಶ್ವಾರೋಹಿಗಳ ಒಂದು ಕುಲವನ್ನು ಆಡುವವಳು ಕಾಪಾಡಬೇಕು. ಇದರಲ್ಲಿ ಕೈಚಳಕಕ್ಕೆ ಎಡೆಯಿಲ್ಲ. ಒಂದು ಚಿತ್ರವೂ ಒಂದು ಪ್ರಸಂಗವೂ ಎದುರಿಗೆ ಬರುತ್ತವೆ; ಕೆಳಗೆ ಕೆಲವು ದಾರಿಗಳು ಬರೆದಿರುತ್ತವೆ. ನೆರೆಯವರು ದನಗಳನ್ನು ಹೊಡೆದುಕೊಂಡು ಹೋದರೆ ದಂಡೆತ್ತಬೇಕೋ, ದೂತರನ್ನು ಕಳುಹಿಸಬೇಕೋ? ಧಾನ್ಯ ಸಾಲದ ವರ್ಷದಲ್ಲಿ ಪರದೇಶಿಗಳು ಆಶ್ರಯ ಬೇಡಿದರೆ ಏನು ಹೇಳಬೇಕು? ಇಂದು ಕೊಟ್ಟ ಉತ್ತರದ ಫಲವು ಕೆಲವೊಮ್ಮೆ ಎಷ್ಟೋ ವರ್ಷಗಳಾದ ಮೇಲೆ ಬಾಗಿಲಿಗೆ ಬಂದು ನಿಲ್ಲುತ್ತದೆ.

ಆಲೋಚನೆ ಹೇಳಲು ಏಳು ಮಂದಿಯ ಸಭೆಯೊಂದುಂಟು. ಅದರಲ್ಲಿ ಸ್ತ್ರೀಯರೂ ಇರಬಹುದು, ಸ್ತ್ರೀಯೇ ನಾಯಕಿಯಾಗಲೂಬಹುದು. ಅವರ ಮಾತುಗಳು ಒಂದಕ್ಕೊಂದು ಹೊಂದುವುದಿಲ್ಲ. ಯುದ್ಧದಲ್ಲಿ ನಿಪುಣನಾದವನು ವ್ಯಾಪಾರದ ವಿಷಯದಲ್ಲಿ ತಪ್ಪು ಹೇಳಬಹುದು. ಯಾರ ಮಾತು ಯಾವ ಕಾರ್ಯಕ್ಕೆ ಯೋಗ್ಯವೆಂದು ಅರಿಯುವುದೇ ಈ ಆಟದ ಜಾಣತನ.

ಸತ್ಯವೇದವನ್ನು ಬಲ್ಲವರಿಗೆ ಇದು ಹೊಸ ಪಾಠವಲ್ಲ. ಅರಣ್ಯದಲ್ಲಿ ಬೆಳಗಿನಿಂದ ಸಾಯಂಕಾಲದ ವರೆಗೆ ಒಬ್ಬನೇ ಕುಳಿತು ನ್ಯಾಯ ತೀರಿಸುತ್ತಿದ್ದ ಮೋಶೆಗೆ, ಈ ಭಾರವು ಒಬ್ಬನಿಂದ ಆಗತಕ್ಕದ್ದಲ್ಲವೆಂದು ತಿಳಿಸಿದವನು ಅವನ ಮಾವನು. ಅದೇ ಪ್ರಯಾಣದಲ್ಲಿ ಚಲ್ಪಹಾದನ ಐವರು ಪುತ್ರಿಯರು ಸಭೆಯ ಮುಂದೆ ನಿಂತು ತಂದೆಯ ಸ್ವಾಸ್ತ್ಯವನ್ನು ಕೇಳಿದರು. ಅವರ ಮಾತು ನ್ಯಾಯವೆಂದು ದೇವರೇ ಒಪ್ಪಿದನು.

ಇದನ್ನು ಏತಕ್ಕೆ ಹೇಳುತ್ತೇವೆಂದರೆ, ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರ ಓದು, ಉಡುಪು, ವಿವಾಹ ಎಲ್ಲವನ್ನೂ ಮನೆಯ ಹಿರಿಯರೇ ನಿಶ್ಚಯಿಸುತ್ತಾರೆ. ಆದರೆ ಗಂಡನು ಹಾಸಿಗೆ ಹಿಡಿದಾಗಲೋ, ಸಾಲಗಾರನು ಬಾಗಿಲಲ್ಲಿ ನಿಂತಾಗಲೋ, ಇಡೀ ಸಂಸಾರದ ಭಾರವು ಒಂದೇ ದಿನದಲ್ಲಿ ಅವಳ ಹೆಗಲಿಗೆ ಬೀಳುತ್ತದೆ. ಅದುವರೆಗೆ ಒಂದು ಸಣ್ಣ ನಿಶ್ಚಯವನ್ನೂ ಮಾಡದವಳು ಅಂದು ಏನು ಮಾಡಿಯಾಳು? ವಿಧೇಯತೆಯನ್ನು ಕಲಿಸಿ ವಿವೇಚನೆಯನ್ನು ಕಲಿಸದ ಶಾಲೆಯು ತನ್ನ ಕೆಲಸದಲ್ಲಿ ಅರ್ಧವನ್ನೇ ಮಾಡಿದಂತೆ.

ಆ ಆಟದಲ್ಲಿ ಅನೇಕ ದೇವತೆಗಳಿರುವರೆಂದು ಕೆಲವರು ಆಕ್ಷೇಪಿಸಬಹುದು. ಗ್ರೀಕರ ಪುರಾಣಕಥೆಗಳನ್ನು ಓದಿದ್ದರಿಂದ ನಮ್ಮ ಮಕ್ಕಳ ವಿಶ್ವಾಸಕ್ಕೆ ಕುಂದು ಬರಲಿಲ್ಲ, ಇದರಿಂದಲೂ ಬಾರದು. ನಮ್ಮ ಭಯವು ಬೇರೆ. ಸೋತ ಆಟವನ್ನು ಮತ್ತೆ ಮೊದಲಿನಿಂದ ಆಡಬಹುದು, ಬಾಳಿನಲ್ಲಿ ಹಾಗಾಗದು. ಆದಕಾರಣ ಹುಡುಗಿಯರು ಇದನ್ನು ಒಬ್ಬೊಬ್ಬರಾಗಿ ಆಡದೆ ಉಪಾಧ್ಯಾಯಿನಿಯ ಮುಂದೆ ಐದಾರು ಮಂದಿ ಕೂಡಿ ಆಡಲಿ. ಆರಿಸುವುದಕ್ಕೆ ಮುಂಚೆ ಪ್ರತಿಯೊಬ್ಬಳೂ ತನ್ನ ಕಾರಣವನ್ನು ಬರೆದಿಡಲಿ. ಆರಿಸಿದ ಮೇಲೆ ಹಿಂದೆಗೆಯದಿರಲಿ.

ಆಟವು ಇಂಗ್ಲಿಷಿನಲ್ಲಿರುವುದರಿಂದ ಎಲ್ಲರಿಗೂ ಸುಲಭವಲ್ಲ. ಯಂತ್ರವೂ ಎಲ್ಲ ಮನೆಗಳಲ್ಲಿಲ್ಲ. ಅದಕ್ಕೂ ಉಪಾಯವುಂಟು. ಮಳೆ ಮೇವುಗಳನ್ನು ನೋಡಿಕೊಂಡು ಕುರಿಮಂದೆಯೊಡನೆ ಊರಿಂದೂರಿಗೆ ನಡೆಯುವ ನಮ್ಮ ನಾಡಿನ ಕುರುಬರ ಬಾಳನ್ನು ವಿಚಾರಿಸಿ, ಯಾರ ಹೊಲದಲ್ಲಿ ಮಂದೆ ತಂಗಬೇಕು, ಮಳೆ ತಪ್ಪಿದರೆ ಯಾವ ದಿಕ್ಕಿಗೆ ಹೊರಡಬೇಕು ಎಂಬ ಪ್ರಸಂಗಗಳನ್ನು ಹುಡುಗಿಯರೇ ಕನ್ನಡದಲ್ಲಿ ಚೀಟಿಗಳ ಮೇಲೆ ಬರೆದು ಆಡಬಹುದು. ಇದಕ್ಕೆ ಕಾಗದವೂ ಒಂದು ಗಂಟೆಯ ಬಿಡುವೂ ಸಾಕು.

ತಮಗಾಗಿಯೂ ತಮ್ಮವರಿಗಾಗಿಯೂ ಯೋಚಿಸಿ ನಿಶ್ಚಯಿಸುವ ಧೈರ್ಯವನ್ನು ನಮ್ಮ ಬಾಲಿಕೆಯರು ಈ ಶಾಲೆಯಿಂದ ಕೊಂಡೊಯ್ಯುವಂತೆ ಕರ್ತನು ಅನುಗ್ರಹಿಸಲಿ.