ಹೆಸರು ಪರಿಮಳ, ಗುಣ ಸಿಡಿಲು

ಮೊನ್ನೆ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮಿತ್ರರು ಪ್ರಯೋಗಶಾಲೆಯ ಕಪಾಟಿನಲ್ಲಿದ್ದ ಹಳೆಯ ಸೀಸೆಯೊಂದನ್ನು ದೂರದಿಂದಲೇ ತೋರಿಸಿದರು. ಒಳಗೆ ನಿಂಬೆಯ ಬಣ್ಣದ ಹರಳುಗಳು. “ಆರೊಮ್ಯಾಟಿಕ್ ವರ್ಗಕ್ಕೆ ಸೇರಿದ್ದು” ಎಂದರು. ಆರೊಮ್ಯಾಟಿಕ್ ಎಂದರೆ ಸುಗಂಧಯುಕ್ತವೆಂದಲ್ಲವೆ? ಕನ್ನಡದ ಮೇಷ್ಟರಾದ ನಾನು ಪದಾರ್ಥವನ್ನೇ ನಂಬಿ ಕೈಚಾಚಿದೆ. “ಮುಟ್ಟಬೇಡಿ! ಒದ್ದೆಯಾಗಿದ್ದರೆ ಸಾಧು, ಒಣಗಿದ್ದರೆ ಸಿಡಿದೀತು” ಎಂದು ಅವರು ತಡೆದರು.

ಅದು ಪಿಕ್ರಿಕ್ ಆಮ್ಲ. ಗ್ರೀಕರ ‘ಪಿಕ್ರೋಸ್’ ಎಂದರೆ ಕಹಿ. 1771ರಲ್ಲಿ ಪೀಟರ್ ವುಲ್ಫ್ ಎಂಬಾತ ನೀಲಿಯನ್ನು ನೈಟ್ರಿಕ್ ಆಮ್ಲದೊಡನೆ ಬೆರೆಸಿ ಇದನ್ನು ಪಡೆದನಂತೆ. ನೀಲಿಯಿಂದ ಹುಟ್ಟಿದ ಈ ಹಳದಿ ಮೊದಲು ರೇಷ್ಮೆಗೆ ಬಣ್ಣವಾಯಿತು. ಅನಂತರ ಫಿರಂಗಿಗೆ ಮದ್ದಾಯಿತು.

ಇಂಗಾಲದ ಆರು ಪರಮಾಣುಗಳ ಉಂಗುರಕ್ಕೆ ಮೂರು ನೈಟ್ರೋ ಗುಂಪುಗಳು ಅಂಟಿಕೊಂಡರೆ ಇಂಥ ವಸ್ತುಗಳು ಹುಟ್ಟುತ್ತವೆ. ಬಣ್ಣ ಬಹುಮಟ್ಟಿಗೆ ಹಳದಿ. ನೀರಿನಲ್ಲಿ ಕರಗಲು ಹಿಂಜರಿಕೆ. ಚರ್ಮದ ಮೂಲಕವೇ ದೇಹವನ್ನು ಹೊಗುವ ವಿಷ. ಉರಿಯುವ ಇಂಗಾಲವೂ ಉರಿಸುವ ಆಮ್ಲಜನಕವೂ ಒಂದೇ ಅಣುವಿನಲ್ಲಿ ಒಟ್ಟು ಸಂಸಾರ ಹೂಡಿರುವುದರಿಂದ ಕದನಕ್ಕೆ ಹೊರಗಿನ ಗಾಳಿಯೂ ಬೇಡ. 1863ರಲ್ಲಿ ವಿಲ್‌ಬ್ರಾಂಡ್ ತಯಾರಿಸಿದ ಟಿ.ಎನ್.ಟಿ.ಯೂ ಇದೇ ಕುಲದ್ದು. ಅದು ಮಾತ್ರ ಸುಲಭವಾಗಿ ಕೆರಳದು. ಸುಮಾರು 80 ಡಿಗ್ರಿ ಶಾಖಕ್ಕೆ ಮೇಣದಂತೆ ಕರಗುತ್ತದೆ. ಆದರೆ ಕೆರಳಿದಾಗ? 1917ರ ಡಿಸೆಂಬರ್ 6ರಂದು ಕೆನಡದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಈ ಎರಡನ್ನೂ ಹೊತ್ತಿದ್ದ ಹಡಗು ಸಿಡಿದು, 1,700ಕ್ಕೂ ಹೆಚ್ಚು ಜನ ಮಡಿದರು.

ಹೆಸರಿನ ಪರಿಮಳ ಪೂರ್ಣ ಸುಳ್ಳೂ ಅಲ್ಲ. 1888ರಲ್ಲಿ ಆಲ್ಬರ್ಟ್ ಬಾವರ್ ಸ್ಫೋಟಕಗಳ ಶೋಧನೆಯಲ್ಲಿದ್ದಾಗ ಇದೇ ಬಳಗದಲ್ಲಿ ಕೃತಕ ಕಸ್ತೂರಿಯನ್ನು ಕಂಡ. ಮದ್ದಿನ ಮನೆಯಲ್ಲಿ ಕಸ್ತೂರಿ! ಆ ಬಳಗದ ಮಸ್ಕ್ ಕ್ಸೈಲೀನ್ ಜೀವಿಗಳ ಒಡಲಲ್ಲಿ ಶೇಖರವಾಗುವುದೆಂದು ಯೂರೋಪಿನ ಒಕ್ಕೂಟವು 2014ರಿಂದ ಅದಕ್ಕೆ ಕಡಿವಾಣ ಹಾಕಿತು.

ಆದರೆ ನನ್ನ ಮನಸ್ಸನ್ನು ಕಲಕಿದ್ದು ಬೇರೆ. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಸಾವಿರಾರು ಹೆಣ್ಣುಮಕ್ಕಳು ಗುಂಡುಗಳಿಗೆ ಟಿ.ಎನ್.ಟಿ. ತುಂಬಿದರು. ಅವರ ಮೈ ಹಳದಿಯಾಯಿತು. ಜನ ಅವರನ್ನು ‘ಕ್ಯಾನರಿ’ ಹಕ್ಕಿಗಳೆಂದರು. ಯಕೃತ್ತು ಕೆಟ್ಟು ಕಾಮಾಲೆಯಿಂದ ಸತ್ತವರೂ ಉಂಟು. ನಮ್ಮಲ್ಲಿ ಹೆಣ್ಣಿನ ಕೆನ್ನೆಯ ಹಳದಿ ಮಂಗಳದ ಗುರುತು. ಅಲ್ಲಿ ಅದು ಯುದ್ಧವು ತನ್ನ ಮನೆಯವರಿಂದಲೇ ವಸೂಲು ಮಾಡಿದ ಸುಂಕವಾಗಿತ್ತು.

ಸೀಸೆಯನ್ನು ತಜ್ಞರ ವಶಕ್ಕೆ ಒಪ್ಪಿಸಲು ಮಿತ್ರರು ಪತ್ರ ಬರೆದಿದ್ದಾರೆ. ಅಂದು ಸಂಜೆ ಹೊಸಿಲಿಗೆ ಅರಿಸಿನ ಹಚ್ಚುತ್ತಿದ್ದ ಮನೆಯಾಕೆಯ ಬೆರಳುಗಳನ್ನು ನಾನು ಎಂದಿಗಿಂತ ತುಸು ಹೆಚ್ಚು ಹೊತ್ತು ನೋಡಿದೆ.