ಮೂರು ಡಾಲರಿನ ತಟ್ಟೆ, ಒಲೆಯಿಲ್ಲದ ಕೋಣೆ

ಸಿಂಗಪುರಕ್ಕೆ ಹೊಸದಾಗಿ ಬಂದವರನ್ನು ಬಾಡಿಗೆ ಹೆದರಿಸುವಷ್ಟು ಊಟ ಹೆದರಿಸುವುದಿಲ್ಲ. ಮನೆಯಿಂದ ಕೆಳಗಿಳಿದರೆ ಕಾಫಿ ಶಾಪ್ ಸಿಗುತ್ತದೆ, ಇನ್ನೆರಡು ಬೀದಿ ದಾಟಿದರೆ ಹಾಕರ್ ಸೆಂಟರ್. ಬೀದಿಬದಿಯಲ್ಲಿ ಗಾಡಿ ನಿಲ್ಲಿಸಿ ಮಾರುತ್ತಿದ್ದವರನ್ನು ಒಂದು ಸೂರಿನ ಕೆಳಗೆ ತಂದು, ನೀರು, ಚರಂಡಿ, ದೀಪ ಕೊಟ್ಟು ಕೂರಿಸುವ ಕೆಲಸವನ್ನು ಅಲ್ಲಿನ ಸರ್ಕಾರ 1970ರ ದಶಕದಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿತು. ಇಂದು ಅಂಥ ಕೇಂದ್ರಗಳು ನೂರಕ್ಕೂ ಹೆಚ್ಚಿವೆ. 2020ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಈ ಹಾಕರ್ ಸಂಸ್ಕೃತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಷ್ಟು ದುಬಾರಿ ಊರಿನಲ್ಲಿ ಇಂದಿಗೂ ಮೂರು, ಮೂರೂವರೆ ಡಾಲರಿಗೆ ಒಂದು ತಟ್ಟೆ ಊಟ ಹುಡುಕಿಕೊಳ್ಳಬಹುದು.

ಈ ದರ ತಾನಾಗಿ ಉಳಿದುಕೊಂಡದ್ದಲ್ಲ. ಅಲ್ಲಿನ ನಿವಾಸಿಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಇರುವುದು ಸರ್ಕಾರಿ ವಸತಿ ಮಂಡಳಿಯಾದ ಎಚ್‌ಡಿಬಿ ಕಟ್ಟಿದ ಬಹುಮಹಡಿ ಮನೆಗಳಲ್ಲಿ. ಆ ಕಟ್ಟಡಗಳ ಕೆಳಗೆ ತಾನೇ ಬಾಡಿಗೆಗೆ ಕೊಟ್ಟ ಕಾಫಿ ಶಾಪ್‌ಗಳಿಗೆ ಮಂಡಳಿ 2023ರಿಂದ ಒಂದು ಷರತ್ತು ಹಾಕಿದೆ. ಕರಾರು ನವೀಕರಿಸಬೇಕಾದರೆ ಕೆಲವು ಅಗ್ಗದ ಊಟಗಳನ್ನು ಮಾರಲೇಬೇಕು. ಬೆಂಗಳೂರಿನಲ್ಲಿ 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್‌ಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಬೇಕು. ಇಂದಿರಾ ಕ್ಯಾಂಟೀನ್‌ನಲ್ಲಿ ತಿಂಡಿ ಐದು ರೂಪಾಯಿ, ಊಟ ಹತ್ತು ರೂಪಾಯಿ. ಉಳಿದದ್ದನ್ನು ಸರ್ಕಾರ ತುಂಬುತ್ತದೆ. ಸಿಂಗಪುರದ ಅಗ್ಗದ ತಟ್ಟೆಯ ಭಾರವನ್ನು ಬಹುಮಟ್ಟಿಗೆ ಅಂಗಡಿಯವನೇ ಹೊರುತ್ತಾನೆ.

ಭಾರ ಹೊತ್ತವನು ಎಲ್ಲಿ ಉಳಿಸಬಹುದು? ಅಕ್ಕಿ ಅಗ್ಗ, ಕೆಡುವುದಿಲ್ಲ, ಹೊಟ್ಟೆ ತುಂಬಿಸುತ್ತದೆ. ನೂಡಲ್ಸ್‌ನ ಕಥೆಯೂ ಅದೇ. ಸೊಪ್ಪು ಬಾಡುತ್ತದೆ, ಅದನ್ನು ಬಿಡಿಸಬೇಕು, ತೊಳೆಯಬೇಕು, ಹೆಚ್ಚಬೇಕು. ಕೂಲಿ ದುಬಾರಿಯಾದ ಊರಿನಲ್ಲಿ ಸೊಪ್ಪಿನ ಬೆಲೆಗಿಂತ ಅದನ್ನು ಬಿಡಿಸುವ ಕೈಯ ಬೆಲೆಯೇ ಹೆಚ್ಚು. ಹಾಗಾಗಿ ಅಗ್ಗದ ತಟ್ಟೆಯಲ್ಲಿ ಅನ್ನ ಗುಡ್ಡೆಯಾಗಿರುತ್ತದೆ, ಸಾರು ಉಪ್ಪಾಗಿರುತ್ತದೆ, ತರಕಾರಿ ಅಂಚಿಗೆ ಸರಿದಿರುತ್ತದೆ. ಮಾರುವವನ ದುರಾಸೆ ಇದಕ್ಕೆ ಕಾರಣವಲ್ಲ, ಅವನ ಲೆಕ್ಕವೇ ಹಾಗಿದೆ.

ಕಡಿಮೆ ಹಣದಲ್ಲಿ ಹಸಿವು ತೀರುತ್ತದೆ, ಪೋಷಣೆ ಸಿಗುವುದಿಲ್ಲ. ಬಜೆಟ್ ಊಟದ ಕುರಿತ ಮಾತು ಇಲ್ಲಿಂದ ಶುರುವಾಗಬೇಕು. ಸಿಂಗಪುರ ಮ್ಯಾನೇಜ್‌ಮೆಂಟ್ ವಿಶ್ವವಿದ್ಯಾಲಯದ ಲೀನ್ ಕೇಂದ್ರವು 2019ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಹಿಂದಿನ ಒಂದು ವರ್ಷದಲ್ಲಿ ಒಮ್ಮೆಯಾದರೂ ಸಾಕಷ್ಟು ಅಥವಾ ಪೌಷ್ಟಿಕವಾದ ಆಹಾರ ಹೊಂದಿಸಲು ಕಷ್ಟಪಟ್ಟ ಮನೆಗಳು ಹತ್ತಕ್ಕೆ ಒಂದರಷ್ಟಿದ್ದವು. ಇಷ್ಟು ಶ್ರೀಮಂತ ಊರಿಗೆ ಇದು ಸಣ್ಣ ಪ್ರಮಾಣವಲ್ಲ.

ನಮ್ಮ ಮಂದಿಗೆ ಇನ್ನೊಂದು ತೊಡಕಿದೆ. ಸಿಂಗಪುರದಲ್ಲಿ ಸಕ್ಕರೆ ಕಾಯಿಲೆ ಚೀನೀ ಮೂಲದವರಿಗಿಂತ ಭಾರತೀಯ ಮೂಲದವರಲ್ಲಿ ಹೆಚ್ಚು. 2016ರಲ್ಲಿ ಸರ್ಕಾರ ‘ಮಧುಮೇಹದ ವಿರುದ್ಧ ಯುದ್ಧ’ ಸಾರಿದಾಗ ಅಲ್ಲಿನ ಆರೋಗ್ಯ ಪ್ರಚಾರ ಮಂಡಳಿ ಸೋಡಾ ಬಾಟಲಿಯ ಜೊತೆಗೆ ಬಿಳಿ ಅನ್ನದ ಬಟ್ಟಲಿನ ಕಡೆಗೂ ಬೆರಳು ತೋರಿಸಿತು. ಅದಕ್ಕೆ ಆಧಾರವಾಗಿದ್ದದ್ದು 2012ರಲ್ಲಿ ಹಾರ್ವರ್ಡ್ ಸಂಶೋಧಕರು ಪ್ರಕಟಿಸಿದ ವಿಶ್ಲೇಷಣೆ: ದಿನಕ್ಕೆ ಒಂದೊಂದು ಸರ್ವಿಂಗ್ ಬಿಳಿ ಅನ್ನ ಹೆಚ್ಚಿದಂತೆ ಮಧುಮೇಹದ ಸಂಭವ ಸುಮಾರು ಶೇ 11ರಷ್ಟು ಏರುತ್ತದೆ. ಅನ್ನ ವಿಷ ಎಂದು ಇದರ ಅರ್ಥವಲ್ಲ. ಒಂದು ತಟ್ಟೆಯ ಮುಕ್ಕಾಲು ಭಾಗ ಅನ್ನವೇ ಆದರೆ ಉಳಿದ ಕಾಲು ಭಾಗ ಎಷ್ಟೇ ಚೆನ್ನಾಗಿದ್ದರೂ ಸಾಲದು. ಮಂಡಳಿಯ ‘ಮೈ ಹೆಲ್ದಿ ಪ್ಲೇಟ್’ ಚಿತ್ರ ಹೇಳುವುದು ಇದನ್ನೇ: ಅರ್ಧ ತಟ್ಟೆ ತರಕಾರಿ ಮತ್ತು ಹಣ್ಣು, ಕಾಲು ತಟ್ಟೆ ಇಡಿ ಧಾನ್ಯ, ಕಾಲು ತಟ್ಟೆ ಬೇಳೆ, ಮೊಟ್ಟೆ, ಮೀನು, ಮಾಂಸದಂಥವು.

ಹೊರಗೆ ತಿನ್ನಲೇಬೇಕಾದವರಿಗೆ ಈ ಚಿತ್ರಕ್ಕೆ ಹತ್ತಿರವಾದದ್ದು ಎಕಾನಮಿ ರೈಸ್ ಅಂಗಡಿ. ಹತ್ತಿಪ್ಪತ್ತು ಬಗೆಯ ಪಲ್ಯ, ಗೊಜ್ಜು, ಹುರಿದ ಪದಾರ್ಥಗಳನ್ನು ಗಾಜಿನ ಹಿಂದೆ ಜೋಡಿಸಿಟ್ಟಿರುತ್ತಾರೆ. ಬೆರಳು ತೋರಿಸಿದ್ದನ್ನು ಅನ್ನದ ಮೇಲೆ ಹಾಕಿಕೊಡುತ್ತಾರೆ. ಮೀನು, ಸೀಗಡಿ ತೋರಿಸಿದರೆ ಬಿಲ್ ಏರುತ್ತದೆ. ಎರಡು ಸೊಪ್ಪು, ಒಂದು ತೋಫು ಅಥವಾ ಮೊಟ್ಟೆ ತೋರಿಸಿದರೆ ಅಲ್ಲೇ ನಿಲ್ಲುತ್ತದೆ. ಮೇಲಿನಿಂದ ಸುರಿಯುವ ಗ್ರೇವಿಯನ್ನು ಬೇಡ ಎನ್ನಬೇಕು, ಉಪ್ಪು ಅಡಗಿರುವುದು ಅದರಲ್ಲೇ. 2022ರ ರಾಷ್ಟ್ರೀಯ ಪೋಷಣೆ ಸಮೀಕ್ಷೆಯ ಪ್ರಕಾರ ಸಿಂಗಪುರದವರು ದಿನಕ್ಕೆ ಸರಾಸರಿ 3,620 ಮಿಲಿಗ್ರಾಂ ಸೋಡಿಯಂ ತಿನ್ನುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2,000. ಸಸ್ಯಾಹಾರಿಗಳು ಮಾತ್ರ ಒಂದು ಮಾತು ನೆನಪಿಡಬೇಕು. ನೋಡಲು ಬರೀ ಸೊಪ್ಪಿನಂತಿರುವ ಸಂಬಾಲ್ ಕಾಂಗ್‌ಕೊಂಗ್‌ನಲ್ಲಿ ಸಾಮಾನ್ಯವಾಗಿ ಸೀಗಡಿಯ ಬೆಲಾಚಾನ್ ಇರುತ್ತದೆ, ಹುರಿದ ಸೊಪ್ಪಿಗೆ ಆಯ್‌ಸ್ಟರ್ ಸಾಸ್ ಬಿದ್ದಿರುತ್ತದೆ. ‘ವೆಜಿಟೇರಿಯನ್’ ಎಂದು ಫಲಕ ಹಾಕಿದ ಚೀನೀ ಅಂಗಡಿಗಳೇ ಸುರಕ್ಷಿತ. ಆದರೆ ಅಲ್ಲಿನ ನಕಲಿ ಮಾಂಸವನ್ನು ಹೆಚ್ಚಾಗಿ ಎಣ್ಣೆಯಲ್ಲಿ ಕರಿದಿರುತ್ತಾರೆ. ಭಾರತೀಯ ಅಂಗಡಿಯ ಪರಾಟ ಹೊಟ್ಟೆಗೆ ಭಾರ, ಜೇಬಿಗೆ ಹಗುರ. ಮೈದಾ ಮತ್ತು ಎಣ್ಣೆ ಬಿಟ್ಟರೆ ಅದರಲ್ಲಿ ಹೆಚ್ಚೇನಿಲ್ಲ.

ಕುಡಿಯುವುದರಲ್ಲಿ ಉಳಿತಾಯ ಸುಲಭ. ಬರೀ ‘ಕೋಪಿ’ ಎಂದರೆ ಸಿಹಿ ಕಂಡೆನ್ಸ್ಡ್ ಹಾಲಿನ ಕಾಫಿ ಬರುತ್ತದೆ. ‘ಸಿಯು ದಾಯ್’ ಎಂದು ಸೇರಿಸಿದರೆ ಸಿಹಿ ಕಡಿಮೆ, ‘ಕೋಪಿ ಓ ಕೊಸೊಂಗ್’ ಎಂದರೆ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಪ್ಯಾಕ್ ಮಾಡಿದ ಪಾನೀಯಗಳ ಮೇಲೆ 2022ರ ಕೊನೆಯಿಂದ ‘ನ್ಯೂಟ್ರಿ-ಗ್ರೇಡ್’ ಎಂಬ ಎ, ಬಿ, ಸಿ, ಡಿ ದರ್ಜೆ ಬಂದಿದೆ. ನೂರು ಮಿಲಿಲೀಟರಿನಲ್ಲಿ ಹತ್ತು ಗ್ರಾಂಗಿಂತ ಹೆಚ್ಚು ಸಕ್ಕರೆ ಇದ್ದರೆ ಡಿ. ಅಂಥದ್ದಕ್ಕೆ ಜಾಹೀರಾತು ನಿಷಿದ್ಧ. ಕಂಪನಿಗಳು ಡಿ ದರ್ಜೆಗೆ ಹೆದರಿ ತಾವೇ ಸಕ್ಕರೆ ಇಳಿಸಿದವು. ಜನರಿಗೆ ಬುದ್ಧಿ ಹೇಳುವುದಕ್ಕಿಂತ ಮಾರುವವನ ಮೇಲೆ ಗುರುತು ಹಾಕುವುದು ಬೇಗ ಕೆಲಸ ಮಾಡುತ್ತದೆ ಎಂಬುದಕ್ಕೆ ಇದೊಂದು ಒಳ್ಳೆಯ ಉದಾಹರಣೆ. ನಲ್ಲಿ ನೀರು ನೇರವಾಗಿ ಕುಡಿಯುವಷ್ಟು ಶುದ್ಧವಾಗಿರುವ ಊರಿನಲ್ಲಿ ಬಾಟಲಿ ನೀರಿಗೆ ಹಣ ಕೊಡುವುದಂತೂ ದಂಡ.

ಇಷ್ಟೆಲ್ಲ ಜಾಣ್ಮೆ ಮಾಡಿದರೂ ಹೊರಗಿನ ಊಟದಲ್ಲಿ ಬೇಳೆ, ಸೊಪ್ಪು, ಇಡಿ ಧಾನ್ಯ ಸಾಲದು. ‘ಮನೆಯಲ್ಲೇ ಅಡುಗೆ ಮಾಡಿಕೊಳ್ಳಿ’ ಎಂಬ ಸಲಹೆ ಆಗ ಬರುತ್ತದೆ. ಸಲಹೆ ಸರಿ, ಆದರೆ ಅದು ಮನೆಯಲ್ಲೊಂದು ಒಲೆ ಇದೆಯೆಂದು ಭಾವಿಸಿಕೊಂಡಿರುತ್ತದೆ. ಸಿಂಗಪುರದಲ್ಲಿ ಒಂಟಿಯಾಗಿ ದುಡಿಯುವ ಹುಡುಗ, ಹುಡುಗಿಯರು, ವಿದ್ಯಾರ್ಥಿಗಳು ಸಾಮಾನ್ಯವಾಗಿ ಇಡೀ ಮನೆ ಹಿಡಿಯುವುದಿಲ್ಲ, ಯಾರದೋ ಮನೆಯ ಒಂದು ಕೋಣೆ ಹಿಡಿಯುತ್ತಾರೆ. ಆ ಜಾಹೀರಾತುಗಳಲ್ಲಿ ಬಾಡಿಗೆಯ ಪಕ್ಕದಲ್ಲೇ ‘ನೋ ಕುಕಿಂಗ್’ ಅಥವಾ ‘ಲೈಟ್ ಕುಕಿಂಗ್’ ಎಂದಿರುತ್ತದೆ. ಎಣ್ಣೆಯ ಜಿಡ್ಡು, ಒಗ್ಗರಣೆಯ ಘಾಟು ಮನೆಯೊಡೆಯರಿಗೆ ಬೇಡ. ಮಸಾಲೆಯ ವಾಸನೆ ಅಲ್ಲಿ ಊರನ್ನೇ ಎಬ್ಬಿಸಿದ್ದೂ ಉಂಟು. ಪಕ್ಕದ ಮನೆಯ ಭಾರತೀಯ ಕುಟುಂಬದ ಕರಿ ವಾಸನೆಯ ಬಗ್ಗೆ ಚೀನಾದಿಂದ ಬಂದ ಕುಟುಂಬವೊಂದು ದೂರಿತ್ತು, ಮಧ್ಯಸ್ಥಿಕೆಯಲ್ಲಿ ಭಾರತೀಯರೇ ತಗ್ಗಿದ್ದರು. 2011ರಲ್ಲಿ ಆ ಸುದ್ದಿ ಹೊರಬಿದ್ದಾಗ ಜಾತಿ, ಜನಾಂಗ ನೋಡದೆ ಸಾವಿರಾರು ಸಿಂಗಪುರದವರು ಆಗಸ್ಟ್ 21ರಂದು ತಮ್ಮ ತಮ್ಮ ಮನೆಯಲ್ಲಿ ಕರಿ ಬೇಯಿಸಿ ಉತ್ತರ ಕೊಟ್ಟರು. ಬಾಡಿಗೆ ಕೋಣೆಯವನ ಪರವಾಗಿ ಮಾತ್ರ ಇನ್ನೂ ಯಾರೂ ಒಗ್ಗರಣೆ ಹಾಕಿಲ್ಲ.

ಆದ್ದರಿಂದ ಕೋಣೆ ನೋಡುವಾಗಲೇ ಊಟದ ಲೆಕ್ಕ ಮಾಡಬೇಕು. ಒಲೆ ಕೊಡದ ಕೋಣೆ ತಿಂಗಳಿಗೆ ನೂರು ಡಾಲರ್ ಅಗ್ಗವೆಂದು ಹಿಡಿದರೆ, ಆ ನೂರು ಡಾಲರನ್ನು ಮೂವತ್ತು ದಿನಕ್ಕೆ ಹಂಚಿ ನೋಡಿ: ದಿನಕ್ಕೆ ಮೂರೂ ಚಿಲ್ಲರೆ. ಒಂದೇ ಹೊರಗಿನ ಊಟಕ್ಕೆ ಅದು ಸರಿಹೋಯಿತು. ಎರಡನೆಯ ಊಟದಿಂದ ನೀವು ಕಳೆದುಕೊಳ್ಳಲು ಶುರುಮಾಡುತ್ತೀರಿ, ಆರೋಗ್ಯದ ನಷ್ಟ ಬೇರೆ. ಕುಟುಂಬ ಸಮೇತ ಬಂದವರಿಗೆ ಈ ತೊಂದರೆ ಇಲ್ಲ, ಒಂಟಿಯಾಗಿ ಬಂದವರಿಗೆ ಇದೇ ದೊಡ್ಡದು.

‘ಲೈಟ್ ಕುಕಿಂಗ್’ ಎಂದರೆ ಎಲೆಕ್ಟ್ರಿಕ್ ರೈಸ್ ಕುಕ್ಕರ್‌ಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕನ್ನಡದ ಅಡುಗೆಗೆ ಅಷ್ಟು ಸಾಕು. ಅಕ್ಕಿಯ ಅರ್ಧದಷ್ಟು ಹೆಸರುಬೇಳೆ, ಒಂದು ಕಟ್ಟು ಸೊಪ್ಪು, ಚಿಟಿಕೆ ಅರಿಸಿನ, ಮೆಣಸು, ಜೀರಿಗೆ ಹಾಕಿ ಗುಂಡಿ ಒತ್ತಿದರೆ ಹುಗ್ಗಿ. ಒಲೆಯೇ ಇಲ್ಲದವರಿಗೆ ಕೋಸಂಬರಿ ಇದೆ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಕ್ಯಾರೆಟ್, ನಿಂಬೆರಸ ಅದಕ್ಕೆ ಸಾಕು. ಹಬ್ಬದೆಲೆಯ ತುದಿಯಲ್ಲಿ ಎರಡು ಚಮಚ ಬಡಿಸುವುದನ್ನು ಬಟ್ಟಲು ತುಂಬ ಮಾಡಿಕೊಂಡು, ಜೊತೆಗೆ ಮೊಸರು ಇಟ್ಟುಕೊಂಡರೆ ಅದೇ ರಾತ್ರಿಯ ಊಟ. ಐವತ್ತು ಗ್ರಾಂ ಒಣ ಬೇಳೆಯಲ್ಲಿ ಹನ್ನೊಂದು ಹನ್ನೆರಡು ಗ್ರಾಂ ಪ್ರೋಟೀನ್ ಇರುತ್ತದೆ, ಎರಡು ಮೊಟ್ಟೆಯಲ್ಲಿ ಇರುವಷ್ಟು. ಅರವತ್ತು ಕೆ.ಜಿ. ತೂಕದವರಿಗೆ ದಿನಕ್ಕೆ ಬೇಕಾದದ್ದು ಐವತ್ತು ಗ್ರಾಂ ಆಸುಪಾಸು.

ಸಂತೆಯ ವಿಷಯದಲ್ಲಿ ನಮ್ಮವರು ಮಾಡುವ ಖರ್ಚಿಗೆ ಮೂಲ ಊರಿನ ಹಂಬಲ. ಲಿಟಲ್ ಇಂಡಿಯಾದ ಟೆಕ್ಕಾ ಮಾರುಕಟ್ಟೆ, ಸೈಯದ್ ಆಲ್ವಿ ರಸ್ತೆಯ ಮುಸ್ತಫಾ ಸೆಂಟರ್‌ಗೆ ಹೋದರೆ ತೊಂಡೆಕಾಯಿ, ಗೋರಿಕಾಯಿ, ನುಗ್ಗೆ ಎಲ್ಲವೂ ಇವೆ. ಆದರೆ ದೂರದಿಂದ ಬಂದ ತರಕಾರಿಯಲ್ಲಿ ಸಾಗಣೆಯ ಬೆಲೆಯೂ ಸೇರಿರುತ್ತದೆ. ಸಿಂಗಪುರ ತಾನು ತಿನ್ನುವುದರಲ್ಲಿ ಶೇ 90ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುವ ಊರು. ಅದರಲ್ಲಿ ಅಗ್ಗವಾದದ್ದು ಹತ್ತಿರದಿಂದ ಬಂದದ್ದು. ಪಕ್ಕದ ಮಲೇಷ್ಯಾದಿಂದ ಬರುವ ಎಲೆಕೋಸು, ಸೊಪ್ಪು, ಸೌತೆ, ಬದನೆ ಮನೆ ಹತ್ತಿರದ ಮಾರುಕಟ್ಟೆಯಲ್ಲೇ ಸಿಗುತ್ತವೆ. ಅಲ್ಲಿ ‘ಬಾಯಂ’ ಎಂದು ಮಾರುವುದು ನಮ್ಮ ಹರಿವೆ ಸೊಪ್ಪಿನ ಜಾತಿ, ‘ಕಾಚಾಂಗ್ ಪಂಜಾಂಗ್’ ನಮ್ಮ ಅಲಸಂದೆ ಕಾಯಿ. ಬಸ್ಸಾರಿಗೂ ಪಲ್ಯಕ್ಕೂ ಒದಗುತ್ತವೆ. ‘ತೌಕ್ವಾ’ ಎಂಬ ಗಟ್ಟಿ ತೋಫು ಪನೀರ್‌ಗಿಂತ ಬಹಳ ಅಗ್ಗ. ಗೊಜ್ಜಿಗೆ ಹಾಕಿದರೆ ಹುಳಿ, ಖಾರ ಚೆನ್ನಾಗಿ ಹೀರಿಕೊಳ್ಳುತ್ತದೆ. ಅಡುಗೆಯ ಕ್ರಮ ನಮ್ಮದಿರಲಿ, ಸಾಮಾನು ಅಲ್ಲಿನದಾಗಲಿ. ಊರಿನಿಂದ ತರಿಸಿಕೊಳ್ಳಲೇಬೇಕಾದದ್ದು ಎಂದು ನಾನು ಒಪ್ಪುವುದು ರಾಗಿ ಹಿಟ್ಟೊಂದನ್ನು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಹತ್ತೂ ದಾಟುವುದಿಲ್ಲ. ಸಕ್ಕರೆ ಕಾಯಿಲೆಯವರು ರಾಗಿ ಎಂದು ಎರಡು ದೊಡ್ಡ ಮುದ್ದೆ ನುಂಗಿದರೆ ಮಾತ್ರ ಪ್ರಯೋಜನವಿಲ್ಲ. ಅದೂ ಪಿಷ್ಟವೇ.

ಒಂದೇ ಪದಾರ್ಥಕ್ಕೆ ಜೋತು ಬೀಳಬಾರದೆಂದು 2023ರ ಜುಲೈ ಕಲಿಸಿತು. ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು, ಸೋನಾ ಮಸೂರಿಯೂ ಅದರಲ್ಲಿ ಸೇರಿತ್ತು. ಸಿಂಗಪುರಕ್ಕೆ ವಿಶೇಷ ಅನುಮತಿ ಸಿಕ್ಕಿತಾದರೂ ನಿಷೇಧ ಪೂರ್ತಿ ತೆರವಾದದ್ದು 2024ರ ಸೆಪ್ಟೆಂಬರ್‌ನಲ್ಲಿ. ಥಾಯ್, ವಿಯೆಟ್ನಾಂ ಅಕ್ಕಿಯ ಅನ್ನಕ್ಕೆ ನಾಲಿಗೆ ಒಗ್ಗಿಸಿಕೊಂಡವರಿಗೆ ಇಂಥ ಹೊತ್ತಿನಲ್ಲಿ ತಲೆನೋವು ಕಡಿಮೆ.

ಸರ್ಕಾರದ ನೆರವನ್ನು ನೆಚ್ಚುವಂತಿಲ್ಲ. ಜೀವನವೆಚ್ಚ ಏರಿದಂತೆ, ಜಿಎಸ್‌ಟಿ 2023ರಲ್ಲಿ ಶೇ 8, 2024ರಲ್ಲಿ ಶೇ 9 ಆದಂತೆ ಮನೆಮನೆಗೆ ‘ಸಿಡಿಸಿ ವೋಚರ್’ ಎಂಬ ಖರೀದಿ ಚೀಟಿ ಕೊಡುತ್ತಾ ಬಂದಿದ್ದಾರೆ. ಅದು ಸಿಂಗಪುರದ ಪೌರರ ಮನೆಗಳಿಗೆ ಮಾತ್ರ. ಕೆಲಸದ ಪಾಸಿನ ಮೇಲೆ ಇರುವ ಕನ್ನಡಿಗ ತೆರಿಗೆ ಕೊಡುತ್ತಾನೆ, ವೋಚರ್ ಪಡೆಯುವುದಿಲ್ಲ.

ಈವರೆಗೆ ಹೇಳಿದ್ದೆಲ್ಲ ಆಯ್ಕೆಯಿರುವವರ ಮಾತು. ಕಟ್ಟಡ, ಹಡಗುಕಟ್ಟೆಗಳಲ್ಲಿ ದುಡಿದು ಡಾರ್ಮಿಟರಿಯಲ್ಲಿ ಮಲಗುವ ಭಾರತ, ಬಾಂಗ್ಲಾದೇಶಗಳ ಕಾರ್ಮಿಕರಲ್ಲಿ ಅನೇಕರಿಗೆ ಎಕಾನಮಿ ರೈಸೂ ಇಲ್ಲ, ಕುಕ್ಕರೂ ಇಲ್ಲ. ತಿಂಗಳ ಲೆಕ್ಕದಲ್ಲಿ ಕೇಟರಿಂಗ್‌ನವರಿಗೆ ಹಣ ಕಟ್ಟುತ್ತಾರೆ. ಮಧ್ಯಾಹ್ನದ ಅನ್ನ, ಸಾಂಬಾರಿನ ಪೊಟ್ಟಣ ನಸುಕಿನಲ್ಲೇ ಕೈಸೇರುತ್ತದೆ. ಬೇಯಿಸಿದ ಊಟವನ್ನು ನಾಲ್ಕು ಗಂಟೆಯೊಳಗೆ ತಿನ್ನಬೇಕೆನ್ನುವುದು ಆಹಾರ ಸುರಕ್ಷತೆಯ ಮಾತು. ಈ ಪೊಟ್ಟಣ ಬಿಚ್ಚುವಷ್ಟರಲ್ಲಿ ಆ ಹೊತ್ತು ಮೀರಿ, ಸೆಕೆಗೆ ಅನ್ನ ಹಳಸಿರುವುದುಂಟು. ಕೆಲಸ ಕಳೆದುಕೊಂಡ, ಗಾಯಗೊಂಡ ಕಾರ್ಮಿಕರಿಗಾಗಿ ಟಿಡಬ್ಲ್ಯೂಸಿ2 ಎಂಬ ಸ್ವಯಂಸೇವಾ ಸಂಸ್ಥೆ 2008ರಿಂದ ಲಿಟಲ್ ಇಂಡಿಯಾದಲ್ಲಿ ‘ಕಫ್ ರೋಡ್ ಪ್ರಾಜೆಕ್ಟ್’ ಹೆಸರಲ್ಲಿ ಉಚಿತ ಊಟ ಕೊಡುತ್ತಿದೆ. ಗುರುದ್ವಾರಗಳ ಲಂಗರ್ ಯಾರಿಗೂ ಬಾಗಿಲು ಹಾಕುವುದಿಲ್ಲ. ಆದರೆ ಕೆಲಸದಲ್ಲಿರುವವನ ಮಧ್ಯಾಹ್ನಕ್ಕೆ ಇವು ಉತ್ತರವಲ್ಲ. ಅವನಿಗೆ ಬೇಕಾದದ್ದು ಪೋಷಣೆಯ ಪಾಠವೂ ಅಲ್ಲ. ಮಧ್ಯಾಹ್ನದ ಊಟ ಮಧ್ಯಾಹ್ನಕ್ಕೇ ಕೆಲಸದ ಜಾಗಕ್ಕೆ ಬರಬೇಕು, ಡಾರ್ಮಿಟರಿಯಲ್ಲಿ ಸಾಲುವಷ್ಟು ಒಲೆಗಳಿರಬೇಕು. ಎರಡಕ್ಕೂ ಖರ್ಚಿದೆ. ಆ ಖರ್ಚನ್ನು ಕಾರ್ಮಿಕನ ಸಂಬಳದಿಂದ ಮುರಿದುಕೊಳ್ಳದೆ, ಸಿಮೆಂಟು, ಕಬ್ಬಿಣದ ಜೊತೆಗೆ ಕಟ್ಟಡದ ಟೆಂಡರಿನಲ್ಲೇ ಬರೆಸಬೇಕು.